ಇತರೆ

ಒಟಕರ್ ಹಾರೆ ಹಾಕಿದ್ದು ಬೇಲಿಗಲ್ಲ,
ಹದಿನಾಲ್ಕು ವರ್ಷದ ನಾಯಿಗೆ.
ನೆಬ್ರಾಸ್ಕದ ನೆಲ ನವೆಂಬರಿಗೇ ಬಿಗಿದಿತ್ತು.
ಸೇಬಿನ ಮರದಡಿ ಮೊಣಕಾಲುದ್ದ ತೋಡಿದ್ದ.

ಟಣ್ ಎನ್ನಲಿಲ್ಲ.
ಬೇರು ಕಡಿದಷ್ಟೇ ಮೆತ್ತಗೆ ಏನೋ ಕಡಿಯಿತು.
ಎದುರುಮನೆಯ ಟೀವಿ, ಮೂಲೆ ಔಷಧಿ ಅಂಗಡಿಯ ಫೋನು
ಒಟ್ಟಿಗೇ ಸತ್ತವು.

ಕಂಪನಿಯ ಹುಡುಗ ಬಂದು ಹುಲ್ಲಿನ ಮೇಲೆ
ಕಿತ್ತಳೆ ಗೆರೆ ಎಳೆದ, ಈಗ.
‘ಅಗೆಯುವ ಮುಂಚೆ ಒಂದು ಫೋನು ಮಾಡಿದ್ದರೆ
ಪುಕ್ಕಟೆ ಗುರುತು ಹಾಕಿ ಹೋಗುತ್ತಿದ್ದೆವಲ್ಲ ಯಜಮಾನರೇ.’

ಏನಂತ ಮಾಡಲಿ ಫೋನು?

ದಂಡ ಎರಡು ಸಾವಿರದ ಮುನ್ನೂರು ಡಾಲರು.
ಅಗೆದ ಕಾರಣ: ಬೇಲಿ, ಗಿಡ, ಈಜುಕೊಳ, ಇತರೆ.
ಇತರೆಗೆ ಗೀಟು ಹಾಕಿ ಸಹಿ ಮಾಡಿದ.

ಹುಡುಗ ಗ್ಯಾರೇಜಿನ ಕಂಬಳಿ ಗಂಟು ನೋಡಿದ,
ನೋಡಿ, ನಾಲ್ಕು ಹೆಜ್ಜೆ ಆಚೆ ಸರಿದು
ಬೂಟಿನಿಂದ ನೆಲ ತಟ್ಟಿದ:
‘ಇಲ್ಲೇನೂ ಇಲ್ಲ.’

‘ಇನ್ನು ಇರುತ್ತೆ’
ಎಂದ ಒಟಕರ್.