ಎಷ್ಟು ಆಳು?

ವಾರದ ರಜೆ. ಕಾಲು ನೀಡಿ ಕೂರೋಣವೆಂದರೆ
ಇಂಪನಾ ಫೋನು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ:
"ಏಳಮ್ಮ, ಯುದ್ಧಕ್ಕೆ ಹೋಗೋಣ."

ಶಾಲೆಯವರು ಹೂಡಿದ ಆಟವಂತೆ. ಐದು ಸುಳಿವು, ಒಂದು ಡಬ್ಬಿ.
ಸಾವಿರದ ಏಳುನೂರ ತೊಂಬತ್ತೊಂದು, ಮಾರ್ಚ್ ತಿಂಗಳು,
ಬೆಂಗಳೂರಿಗೆ ಬಿದ್ದ ಮುತ್ತಿಗೆ.
ಮುತ್ತಿಗೆ ನನಗೇನು ಹೊಸತೇ?
ಬೆಳಿಗ್ಗೆ ಎಂಟೂವರೆಗೆ ಕಾರ್ಪೊರೇಷನ್ ಸ್ಟಾಪಿನಲ್ಲಿ
ದಿನಾ ಬೀಳುತ್ತದೆ, ಎರಡೂ ಬಾಗಿಲಿಗೆ.

"ಬಾಗಿಲು ಬಿತ್ತು, ಹೆಸರು ನಿಂತಿತು,
ಈಗ ಕಳ್ಳರು ಒಳಗೆ, ಕಾವಲಿನವರೂ ಒಳಗೆ"
ಅವಳು ಓದಿ ಮುಗಿಸುವ ಮೊದಲೇ
ಹದಿನಾಲ್ಕು ವರ್ಷ ಕೂಗಿದ ಗಂಟಲು ಹೇಳಿಬಿಟ್ಟಿತು:
ಹಲಸೂರು ಗೇಟ್, ಪೊಲೀಸ್ ಸ್ಟೇಷನ್, ಇಳೀರಿ ಇಳೀರಿ.
ಗೇಟು ಎಲ್ಲಿ ಅಂತ ಒಂದು ದಿನವೂ
ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.
ಪೇಟೆಯೊಳಕ್ಕೆ ಅವರು ನುಗ್ಗಿದ್ದು ಇಲ್ಲಿಂದಲೇ ಅಂತೆ.
ಮುಳ್ಳುಬೇಲಿ, ಹೊಗೆ, ಬೀದಿಬೀದಿಯ ಕಾದಾಟ.
ಸ್ಟೇಷನ್ ಮುಂದೆ ಸೀಜ್ ಮಾಡಿದ ಸ್ಕೂಟರುಗಳು
ಒಂದರ ಮೇಲೊಂದು ಒರಗಿ ತುಕ್ಕು ಹಿಡಿದಿದ್ದವು.

ಎರಡನೆಯದು ತಾರಾಮಂಡಲಪೇಟೆ.
ಬಾಣ ಮಾಡುತ್ತಿದ್ದರಂತೆ ಇಲ್ಲಿ,
ಕಬ್ಬಿಣದ ಕೊಳವೆಗೆ ಮದ್ದು ತುಂಬಿದ ಬಾಣ.
ಈಗಲೂ ಕೊಳವೆ ಮಾರುತ್ತಾರೆ, ನಲ್ಲಿಗೆ, ಬೋರ್‌ವೆಲ್ಲಿಗೆ.
ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಆಕಾಶ ಒಂದು ಗೇಣು.
ಫೋನಿನ ನೀಲಿ ಬಾಣ ದಿಕ್ಕು ಸಿಗದೆ
ಗರಗರ ಸುತ್ತುತ್ತಿತ್ತು.
"ಯಾವ ಅಂಗಡಿ ಬೇಕಮ್ಮ?" ಎಂದ ತಕ್ಕಡಿಯವನು.
"ಯುದ್ಧ" ಎಂದಳು ಇವಳು.
"ಮುಂದೆ ಹೋಗಿ ಎಡಕ್ಕೆ" ಎಂದ, ತಲೆ ಎತ್ತದೆ.

ಕಂದಕದ ಸುಳಿವಿಗೆ ಮಾರ್ಕೆಟ್ಟಿನ ಬಳಿ ಅರ್ಧ ಗಂಟೆ ಅಲೆದೆವು.
ನೀರಿದ್ದ ಜಾಗ ಯಾವುದೆಂದು ಯಾರಿಗೂ ಗೊತ್ತಿಲ್ಲ.
ಕೊತ್ತಂಬರಿ ಕಂತೆ, ಕೆಸರು, ಫ್ಲೈಓವರಿನ ನೆರಳು,
ಮೆಟ್ಟಿಲ ಮೇಲೆ ಒಬ್ಬ ಹಮಾಲಿ
ಗೋಣಿ ತಲೆಗಿಟ್ಟು ಮಲಗಿದ್ದ, ಕೈ ಚಾಚಿ.
ಇಂಪನಾ ಅವನನ್ನು ದಾಟಲು ಹಿಂಜರಿದಳು.
ಎದೆ ಏರಿಳಿಯುವುದನ್ನು ನೋಡಿದ ಮೇಲೇ ದಾಟಿದಳು.

ನಾಲ್ಕನೆಯ ಚೀಟಿ:
"ಕೋಟೆಯೊಳಗೆ ಅಂದು ಸಾಯುತ್ತ ಕೂಗಿದರು.
ಅಲ್ಲೇ ಈಗ ಹಗಲೂ ರಾತ್ರಿ ಅಳುವವರು ಯಾರು?"
ಗೊತ್ತಾಗಲಿಲ್ಲ ಅವಳಿಗೆ. ನನಗೆ ಗೊತ್ತಾಯಿತು.
ವಾಣಿವಿಲಾಸ ಆಸ್ಪತ್ರೆ, ಮೇಲಿನ ವಾರ್ಡು,
ಒಂದು ಮಂಚಕ್ಕೆ ಇಬ್ಬರು.
ನಸುಕಿನ ನಾಲ್ಕಕ್ಕೆ ನಾನು ಚೀರಿದ್ದಕ್ಕೆ
ಪಕ್ಕದವಳು ಎದ್ದು ಕೂತು ನನ್ನ ಕೈ ಹಿಡಿದಿದ್ದಳು,
ಹೆಸರು ಕೇಳಲಿಲ್ಲ.
"ನೀನೇ ಕಣೆ ಉತ್ತರ" ಎಂದೆ.
ಅವಳಿಗೆ ನಾಚಿಕೆಯಾಯಿತು. "ಅಮ್ಮಾ, ಜನ ಇದ್ದಾರೆ."

ಕೊನೆಗೆ ಉಳಿದ ಕೋಟೆ, ಒಂದು ತುಂಡು.
ಕೋಟೆ ಕೋಟೆ ಮಾರ್ಕೆಟ್ ಎಂದು ದಿನವೂ ಅರಚಿದವಳು
ಮೊದಲ ಸಲ ಒಳಗೆ ಕಾಲಿಟ್ಟೆ.
ಬಾಗಿಲ ಮೊಳೆಗಳು ನನ್ನ ಮುಷ್ಟಿಯಷ್ಟು ದಪ್ಪ.
ಬೆಳದಿಂಗಳಲ್ಲಿ ಏರಿದರಂತೆ ಗೋಡೆಯನ್ನು.
ಗೆದ್ದವರು ತಮ್ಮವರಿಗೆ ಊರ ನಡುವೆ ಕಂಬ ನಿಲ್ಲಿಸಿದ್ದರು,
ಅದನ್ನೂ ಕೆಡವಿ ಕಾಲವಾಯಿತು.
ಒಳಗಿದ್ದವರಿಗೆ ಕಂಬವೂ ಇರಲಿಲ್ಲ, ಕೆಡವಲಿಕ್ಕೆ.

ಡಬ್ಬಿ ಸಿಕ್ಕಿತು, ಹೊರಗೆ, ಬೇಲಿ ಪಕ್ಕದ ಅರಳಿ ಬೇರಿನಲ್ಲಿ:
ಮಾತ್ರೆ ಡಬ್ಬಿ. ಒಳಗೆ ಗೋಲಿ, ಬಳೆಚೂರು,
ಬಂದವರ ಹೆಸರು ಬರೆದ ಸುರುಳಿ.
ನಿಯಮ ಇದೆಯಂತೆ: ಒಂದು ತೆಗೆದುಕೊಂಡರೆ ಒಂದು ಇಡಬೇಕು.
ಇವಳು ಗೋಲಿ ತೆಗೆದಳು.
ನನ್ನ ಪರ್ಸಿನಲ್ಲಿ ಇದ್ದದ್ದು ಮೊನ್ನೆಯ ಟಿಕೆಟ್,
ಯಾರೋ ಹೆಂಗಸು ತೆಗೆದುಕೊಳ್ಳದೆ ಇಳಿದುಹೋಗಿದ್ದು,
ಮಹಿಳೆ, ದರ ಸೊನ್ನೆ.

ಎಷ್ಟು ಆಳು, ಎಷ್ಟು ಆಳು ಎಂದು ಕೇಳುವುದೇ ನನ್ನ ಕೆಲಸ.
ಆಳಿನ ಲೆಕ್ಕ ಸತ್ತವರದೂ ಇರುತ್ತದೆ ಎಲ್ಲೋ, ದಪ್ಪ ಪುಸ್ತಕದಲ್ಲಿ.
ಗೋಡೆಯ ಮೇಲಿದ್ದವರಿಗೆ ಕೊಡದಲ್ಲಿ ನೀರು ಹೊತ್ತವಳು
ಯಾವ ಲೆಕ್ಕಕ್ಕೆ ಹತ್ತಿದಳೋ.
ಟಿಕೆಟ್ ನಾಲ್ಕು ಮಡಿಕೆ ಮಾಡಿ ಒಳಗಿಟ್ಟೆ.

"ಅಕ್ಷರ ಮಾಸಿಹೋಗತ್ತಮ್ಮ, ಅದು ಅಂಥ ಕಾಗದ.
ಚೆಕಿಂಗ್‌ನವರು ಬಂದರೆ?"
"ಬರಲಿ. ಇಳಿಯೋ ಸ್ಟಾಪು ಇದೇ ಅಂತಾಳೆ."