ನಕಾಶೆಯ ಮಡಿಕೆ

ಚೀನಾದ ನಕಾಶೆ ಮಡಚಿ ಮಡಚಿ
ನಟ್ಟನಡುವೆ ಹರಿದಿತ್ತು.
ಹರಿದಲ್ಲೇ ಇತ್ತಂತೆ ಚಿನ್‌ಲಿಂಗ್ ಪರ್ವತ.
ಸಪ್ತಾಪುರದ ಸಾಲಿಯ ಎಂಟನೇ ಇಯತ್ತೆಗೆ
ಅದೊಂದು ತೂತು,
ತೂತಿನಾಚೆ ಗೋಡೆಯ ಸುಣ್ಣ.

"ಹಿಮ ಅಂತ ತಿಳ್ಕೋರಿ" ಅಂದರು
ರತ್ನಮಾಲಾ ಅಕ್ಕೋರು, ನಗದೆ.

ಬಡಗಲ ಮಗ್ಗುಲಿಗೆ ಹಳದಿ ಮಣ್ಣು, ಒಣಗಾಳಿ,
ಗೋದಿ, ಅದಕ್ಕೂ ಮೊದಲು ನವಣೆ.
ತೆಂಕಲಿಗೆ ಮಳೆ, ಬಿದಿರು, ನೆಲ್ಲು.
ಒಂದೇ ಮೋಡ ಒಡೆದು
ಇತ್ತ ಬಿದ್ದದ್ದು ಹಳದಿ ಹೊಳೆಗೆ,
ಅತ್ತ ಬಿದ್ದದ್ದು ಯಾಂಗ್‌ತ್ಸೆಗೆ.
"ಗುಡ್ಡ ಮಾತ್ರ ಯಾರ ಕಡೀನೂ ಅಲ್ಲ."

ನನ್ನ ಡಬ್ಬಿಯಲ್ಲಿ ನವಲಗುಂದದ ಕಡೆಯ ರೊಟ್ಟಿ,
ಬಾಜೂಕ ಕೂತ ಅಳ್ನಾವರದ ಫಿಲೋಮಿನಾಳದು ಅನ್ನ.
ಬೆಂಚಿನ ಬಿರುಕನ್ನು ಇಬ್ಬರೂ ನೋಡಿದೆವು.

ಬುಡದಲ್ಲೊಂದು ತಲೆಬುರುಡೆ ಸಿಕ್ಕಿತಂತೆ, ಹೆಂಗಸಿನದು,
ಹತ್ತು ಲಕ್ಷ ವರ್ಷಕ್ಕೂ ಹಳೆಯದು.
"ಆಕಿ ಅನ್ನ ಉಣತಿದ್ಲೊ, ರೊಟ್ಟಿನೊ?" ಫಿಲೋಮಿನಾ ಕೇಳಿದಳು.
ಅಕ್ಕೋರು ಸೀಮೆಸುಣ್ಣ ಕೆಳಗಿಟ್ಟರು.
"ಆಗಿನ್ನೂ ಎರಡೂ ಇರಲಿಲ್ಲವಾ."

ಮರುವಾರ ನಕಾಶೆ ಸಿಂಪಿಗೇರ ತುಳಜಪ್ಪನ ಮಷೀನಿಗೆ ಹೋಯಿತು.
ಪರವತ ತಿರುಗಿ ಬಂತು
ಯಾರದೋ ಕುಪ್ಪಸದ ಹಸಿರು ತುಂಡಾಗಿ,
ಅಂಚಿಗೆ ದಪ್ಪ ಬಿಳಿ ಹೊಲಿಗೆ.
"ಇದs ನೋಡ್ರಿ ಹಲಗಿಯ ದಾರಿ" ಎಂದರು ಅಕ್ಕೋರು,
ಹೊಲಿಗೆಯ ಮೇಲೆ ಬೆರಳಾಡಿಸುತ್ತ:
ಕಡಿದಾದ ಬಂಡೆಗೆ ಚೌಕ ತೂತು ಕೊರೆದು
ತೊಲೆ ನೆಟ್ಟು, ಹಲಗೆ ಹಾಸಿ,
ಕೆಳಗೆ ಹೊಳೆ ಮೊರೆಯುವಾಗ ಮೇಲೆ ಕತ್ತೆ, ಉಪ್ಪು, ದಂಡು.
ಎರಡು ಸಾವಿರದ ಇನ್ನೂರು ವರ್ಷದ ಹಿಂದೆ
ಒಬ್ಬ ದಾಟಿಹೋದವ
ಹಿಂದಿನ ಹಲಗೆಗಳನ್ನೆಲ್ಲ ಸುಟ್ಟ.
ಇನ್ನು ತಿರುಗಿ ಬರಲಾರ ಎಂದು
ವೈರಿ ಕಾಲು ಚಾಚಿ ಮಲಗಿದ.

"ಬಂದ್ನೇನ್ರಿ?"

ಗಂಟೆ ಹೊಡೆಯಿತು. ಮಳೆಯೂ.
ನಮ್ಮನ್ನು ಹೊರಗೆ ಕರೆದು
ಹಂಚಿನ ಮಾಡಿನ ಕೆಳಗೆ ನಿಲ್ಲಿಸಿದರು.
ಈ ಇಳಿಜಾರಿನದು ಶಾಲ್ಮಲೆಗೆ, ಪಡುವಣ ಕಡಲಿಗೆ;
ಆ ಇಳಿಜಾರಿನದು ತುಪ್ಪರಿಹಳ್ಳಕ್ಕೆ,
ತುಪ್ಪರಿ ಹೋಗಿ ಬೆಣ್ಣಿಹಳ್ಳಕ್ಕೆ.
ತುಪ್ಪ ತಿರುಗಿ ಬೆಣ್ಣೆಯಾಗುವ ಊರು ನಮ್ಮದು,
ಅಲ್ಲಿಂದ ಮಲಪ್ರಭೆ, ಕೃಷ್ಣೆ, ಮೂಡಣ ಕಡಲು.
ಸಾಲಿಯ ಮಾಡು ಅಷ್ಟು ದೊಡ್ಡದೇನಲ್ಲ,
ಅಕ್ಕೋರು ಸ್ವಲ್ಪ ಹೆಚ್ಚಿಸಿ ಹೇಳಿರಬೇಕು.

ಅವ ಬೇರೆ ದಾರಿ ಹಿಡಿದು ತಿರುಗಿ ಬಂದನೆಂದು
ಎಷ್ಟೋ ವರ್ಷದ ಮೇಲೆ ಓದಿದೆ.
ಹಲಗೆ ಒಂದೂ ಉಳಿದಿಲ್ಲವಂತೆ;
ಬಂಡೆಯಲ್ಲಿ ಚೌಕ ತೂತುಗಳು ಇನ್ನೂ ಅದಾವಂತೆ,
ಸಾಲಾಗಿ, ಮಳೆನೀರು ತುಂಬಿಕೊಂಡು.

ಫಿಲೋಮಿನಾಗೆ ಹೇಳಬೇಕಿತ್ತು.