ಕಳೆಯುವ ಲೆಕ್ಕ

ಊರಿನ ಹೆಸರು ಬರೆಯುವುದೊಂದು ಥರ, ಕರೆಯುವುದು ಕೀತ್ಲಿ.
ಅಲ್ಲಿನ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವುದು ನನ್ನ ಕೆಲಸ.
ಕ್ಲಿಫರ್ಡ್ ಸಗ್ಡನ್ನರ ಕಡತ ನನಗೆ ಬಾಯಿಪಾಠ:
ಎಡಗಿವಿ ಏಳನೇ ವಯಸ್ಸಿಗೆ ಮಂಗನಬಾವಿಗೆ ಹೋಯಿತು,
ಬಲಗಿವಿ ಮಗ್ಗದ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಸವೆಯಿತು.
ಗ್ರಾಫಿನ ಗೆರೆ ಎರಡು ಸಾವಿರದ ತನಕ ನೆಟ್ಟಗೆ ನಡೆದು
ಆಮೇಲೆ ಬಾವಿಗೆ ಬಿದ್ದಂತಿದೆ.

ಅಂಥವರು, ಸುತ್ತಲಿನ ಸದ್ದನ್ನೆಲ್ಲ ಹಿಡಿಯುವ ಮೈಕು
ನಾನೇ ಕಟ್ಟುತ್ತೇನೆ ಅಂದಾಗ
ಪೆನ್ನು ಕೆಳಗಿಟ್ಟೆ.
‘ಶನಿವಾರ ಬಿಡುವಿದೆಯೇ? ಎರಡು ಕಿವಿ ಸಾಲ ಬೇಕಿತ್ತು.’

ಪಾರಿವಾಳ ಸಾಕುತ್ತಿದ್ದ ಗೂಡೇ ಈಗ ವರ್ಕ್‌ಶಾಪು.
ಅಂಗಿಯ ಗುಂಡಿಯಷ್ಟಗಲದ ಮೈಕುಗಳು, ಅರವತ್ತು.
ಒಂದೊಂದನ್ನೂ ಅಳೆದು, ಬರೆದು, ಜಾತಕ ಕೂಡಿಸಿ ನೋಡಿ
ಹೊಂದಿಬಂದದ್ದು ನಾಲ್ಕು.
ನಿಂಬೆಹಣ್ಣಿನ ಗಾತ್ರದ ಹಿತ್ತಾಳೆ ಚೌಕಟ್ಟು, ಮುಖ ನಾಲ್ಕು,
ಮುಖಕ್ಕೊಂದು ಮೈಕು, ಬೆನ್ನಿಗೆ ಬೆನ್ನು ಕೊಟ್ಟು
ಮುನಿಸಿಕೊಂಡ ದಾಯಾದಿಗಳ ಹಾಗೆ.

ಪ್ರೀಆಂಪಿಗೆ ಶಾರ್ಟ್‌ಬ್ರೆಡ್ಡಿನ ಡಬ್ಬ.
ಬೆಸುಗೆ ನನ್ನದು, ಅವರ ಕೈ ನಡುಗುತ್ತದೆ.
ಮೊದಲ ದಿನ ಬರೀ ಗುಂಯ್.
ತಗ್ಗಿನ ಸದ್ದು, ಅವರಿಗೂ ಕೇಳಿತು.
ಎರಡು ಕಡೆ ಅರ್ತಿಂಗ್ ಕೊಟ್ಟಿದ್ದೆ. ಬೈಯುತ್ತಲೇ ಒಂದನ್ನು ಕತ್ತರಿಸಿದರು.
‘ಈಗ ಕೇಳು. ಹಿಮ ಬಿದ್ದ ಬಯಲು.’

ಹೆಡ್‌ಫೋನಿನೊಳಗೆ ನನಗೆ
ಕಾದ ಹೆಂಚಿಗೆ ನೀರು ಚಿಮುಕಿಸಿ ಯಾರೋ ಎದ್ದುಹೋದಂತೆ
ಚುಂಯ್ ಅನ್ನುತ್ತಲೇ ಇತ್ತು.
ಅವರ ಮುಖದಲ್ಲಿ ಮಾತ್ರ ಎಂಥ ಸಮಾಧಾನ.

ಇದು ನಿಮಗೆ ಕೇಳಿಸದು ಎಂದು
ದಿನಕ್ಕೆ ಹತ್ತು ಜನಕ್ಕೆ ಹೇಳುವವಳು ನಾನು.
ಅಲ್ಲಿ ನಡುವೆ ಮೇಜಿರುತ್ತದೆ.
ಎರಡು ಶನಿವಾರ ಬಾಯಿಬಿಡಲಿಲ್ಲ.
ಮೂರನೆಯದಕ್ಕೆ, ತುಟಿ ಕಾಣುವಂತೆ ಎದುರು ಕೂತು
ಸಳಸಳ ಇದೆ ಅಂದೆ.
ಅವರು ಮೀಟರ್ ಕಡೆ ತಿರುಗಲಿಲ್ಲ.
‘ಯಾವಾಗಿನಿಂದ?’

ಹಳೇ ಕಾರ್ಬನ್ ರೆಸಿಸ್ಟರ್ ಹದಿನಾರನ್ನೂ ಕಿತ್ತು
ಹೊಸವು ಹಾಕಿದೆವು, ಮಾತಿಲ್ಲದೆ.
ಹೊರಡುವಾಗ ಲಕೋಟೆಯ ಬೆನ್ನ ಮೇಲೆ ಬರೆದು ತೋರಿಸಿದರು:
ನಾಲ್ಕನ್ನೂ ಕೂಡಿಸು, ಸದ್ದು ಎಷ್ಟು ಅನ್ನುವುದು ಸಿಗುತ್ತದೆ.
ಎಲ್ಲಿಂದ ಅನ್ನುವುದು ಬೇಕಾದರೆ ಕಳೆಯಬೇಕು,
ಮುಂದಿನದರಲ್ಲಿ ಹಿಂದಿನದು, ಎಡದಲ್ಲಿ ಬಲದ್ದು.
ದಿಕ್ಕು ಅಂದರೆ ಕಳೆಯುವ ಲೆಕ್ಕ.
‘ನನ್ನ ಹತ್ತಿರ ಇರುವುದೇ ಒಂದು. ಯಾವುದರಲ್ಲಿ ಏನು ಕಳೆಯಲಿ?’
ಪೆನ್ಸಿಲನ್ನು ಎಡಗಿವಿಗೆ ಸಿಕ್ಕಿಸಿಕೊಂಡರು.
ಅದಕ್ಕೂ ಒಂದು ಕೆಲಸ ಬೇಕಲ್ಲ.

ಮಾರ್ಚಿನಲ್ಲಿ ಮ್ಯೂಸಿಯಮ್ಮಿನವರು ನಾಲ್ಕು ಮಗ್ಗ ಓಡಿಸಿದರು.
ಹಿಂದೆ ತಾವು ನಿಲ್ಲುತ್ತಿದ್ದಂತೆ, ನಾಲ್ಕರ ನಟ್ಟನಡುವೆ,
ತಮ್ಮ ಕಿವಿಯ ಎತ್ತರಕ್ಕೆ ಮೈಕು ನಿಲ್ಲಿಸಿದರು.
ಲಾಳಿ ಚಿಮ್ಮಿತು. ನೆಲ, ಕಿಟಕಿ, ನನ್ನ ಹಲ್ಲು, ಎಲ್ಲ ಅದುರಿತು.
ನನಗೆ ಕಿವಿಮುಚ್ಚಳ ಕೊಟ್ಟು ತಾವು ಬರಿಗಿವಿಯಲ್ಲಿ ನಿಂತಿದ್ದರು.
ಬೈದೆ. ತುಟಿ ಓದಿ ನಕ್ಕರು.

ಗೂಡಿನ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು,
ನಡುವೆ ಕುರ್ಚಿಯಲ್ಲಿ ನಾನು, ಕಣ್ಣು ಮುಚ್ಚಿ.
ಮುಂದಿನೆರಡೂ ಜೊತೆಗೇ ಬಡಿಯುತ್ತಿವೆ ಅಂದೆ.
ಬಲ ಹಿಂದಿನದು ಒಣಕೆಮ್ಮು.
ಎಡ ಹಿಂದಿನದು ಪ್ರತಿ ಹೊಡೆತಕ್ಕೂ ಕೂದಲೆಳೆ ತಡ.

‘ಎಡ ಹಿಂದೆ?’
ಅಲ್ಲಿ ಡೋರೀನ್ ಇದ್ದಳಂತೆ, ಹನ್ನೊಂದು ವರ್ಷ,
ಇವರ ಸತ್ತ ಕಿವಿಯ ಪಕ್ಕ.
ಅವಳು ಕರೆದದ್ದು ಒಮ್ಮೆಯೂ ಕೇಳಿಲ್ಲ.
ನೂಲಿನ ಉಂಡೆ ಬೆನ್ನಿಗೆ ಬಂದು ಬಡಿದಾಗ ತಿರುಗಬೇಕು.

ಎದ್ದು ಹೋಗಿ ಆ ಸ್ಪೀಕರಿನ ಮೇಲೆ ಅಂಗೈ ಇಟ್ಟರು.
‘ಇನ್ನೊಂದು ಸಲ ಹಾಕು.’
ಹಾಕಿದೆ. ಸಳಸಳ ಒಂಚೂರು ಉಳಿದಿದೆ,
ಈ ಸಲ ಕೂಡಲೇ ಹೇಳಿದೆ.
ನನಗೆ ಬೆನ್ನು ಹಾಕಿ ನಿಂತಿದ್ದರು, ಕೇಳಿರಲಾರದು.